ಹೆಣ್ಣುಮಕ್ಕಳ ವಸತಿಶಾಲೆ: ಒಂದು ಜಪಾನೀ ಕಥೆ, ನಮ್ಮ ಸೀಮೆಯ ಇತಿಹಾಸ



ಈ ಸಲದ ದಸರಾ ರಜೆಗೆ ನನ್ನ ಮೊಮ್ಮಗಳು ಬೆಂಗಳೂರಿನಿಂದ ಹುಲಿಹೈದರಕ್ಕೆ ಬಂದಿದ್ದಳು. ಪಿ.ಯು.ಸಿ. ಓದುತ್ತಿರುವ ಹುಡುಗಿ. ರಾತ್ರಿ ಊಟವಾದ ಮೇಲೆ ಕೌದಿಯೊಳಗೆ ಮುದುಡಿಕೊಂಡು ಮೊಬೈಲಿನಲ್ಲಿ ಏನನ್ನೋ ತದೇಕಚಿತ್ತದಿಂದ ನೋಡುತ್ತಿದ್ದಳು. ಮೂವತ್ತೈದು ವರ್ಷ ಹೈಸ್ಕೂಲಿನಲ್ಲಿ ಪಾಠ ಹೇಳಿದ ನನಗೆ, ಮಕ್ಕಳು ಏನನ್ನಾದರೂ ಮರೆಮಾಡಿ ನೋಡುತ್ತಿದ್ದರೆ ಅದೇನೆಂದು ತಿಳಿಯದೆ ನಿದ್ದೆ ಬಾರದು. "ತೋರಿಸವ್ವ, ನಾನೂ ನೋಡ್ತೀನಿ" ಎಂದೆ. ಅವಳು ಸ್ವಲ್ಪ ಅಳುಕಿ, ಆಮೇಲೆ ಜರುಗಿ ಜಾಗ ಕೊಟ್ಟಳು.

ಅದು ಜಪಾನಿನ ಅನಿಮೆ, ಅಂದರೆ ಚಿತ್ರ ಬರೆದು ಚಲಿಸುವಂತೆ ಮಾಡಿದ ಕಥಾಮಾಲೆ. ಹೆಸರು 'ಸ್ಟ್ರಾಬೆರಿ ಪ್ಯಾನಿಕ್'. 2006ರಲ್ಲಿ ಜಪಾನಿನ ದೂರದರ್ಶನದಲ್ಲಿ 26 ಕಂತುಗಳಾಗಿ ಬಂದದ್ದು. ಕೇವಲ ಹೆಣ್ಣುಮಕ್ಕಳಿರುವ ಒಂದು ವಸತಿಶಾಲೆಯ ಪ್ರೇಮಕಥೆ. ಎರಡು ಕಂತು ನೋಡಿ ಮಲಗಬೇಕೆಂದಿದ್ದವಳು ರಜೆ ಮುಗಿಯುವುದರೊಳಗೆ ಅವಳ ಜೊತೆ ಎಲ್ಲವನ್ನೂ ನೋಡಿ ಮುಗಿಸಿದೆ. ಕೊನೆಯ ದಿನ ಅವಳು ಕೇಳಿದಳು: "ಅಜ್ಜಿ, ನೀನೂ ಹಾಸ್ಟೆಲ್‌ನಾಗ ಇದ್ದು ಓದಿದಾಕಿ. ಆಮ್ಯಾಲ ಹಾಸ್ಟೆಲ್ ನೋಡಿಕೊಂಡಾಕಿ. ನಿಮ್ಮಲ್ಲೂ ಹಿಂಗ ಇತ್ತೇನು?"

ನಾನು ತಕ್ಷಣ ಉತ್ತರ ಕೊಡಲಿಲ್ಲ. ಇತಿಹಾಸ ಕಲಿಸಿದವಳಿಗೆ ಎಂತಹ ಪ್ರಶ್ನೆ ಬಂದರೂ ಕೊಂಚ ಹಿಂದಕ್ಕೆ ಹೋಗಿ ಬರುವ ಅಭ್ಯಾಸ. ಈ ಲೇಖನ ಅವಳ ಆ ಪ್ರಶ್ನೆಗೆ ನಾನು ಬರೆದ ಉತ್ತರ. ಅದರ ಕೊನೆಯ ಭಾಗ ಬರೆಯುವುದು ನನಗೆ ಸುಲಭವಾಗಿಲ್ಲ.

ಬೆಟ್ಟದ ಮೇಲಿನ ಮೂರು ಶಾಲೆಗಳು

ಮೊದಲು ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಅಸ್ತ್ರೇಯಾ ಎಂಬ ಬೆಟ್ಟದ ಮೇಲೆ ಮಿಯಾಟರ್, ಸ್ಪೀಕಾ, ಲ ರಿಮ್ ಎಂಬ ಮೂರು ಕ್ರೈಸ್ತ ಬಾಲಿಕಾ ಶಾಲೆಗಳು. ಮೂರಕ್ಕೂ ಸೇರಿ ಒಂದು ವಸತಿನಿಲಯ. ನಾಗಿಸಾ ಎಂಬ ಹುಡುಗಿ ಬೇರೆ ಶಾಲೆಯಿಂದ ಮಿಯಾಟರಿಗೆ ಬಂದು ಸೇರುತ್ತಾಳೆ. ಮೇಲಿನ ತರಗತಿಯ ಶಿಜುಮಾ ಎಂಬಾಕೆಯ ಕಡೆಗೆ ಅವಳ ಮನಸ್ಸು ಹರಿಯುತ್ತದೆ. ಶಿಜುಮಾ ಹಿಂದೊಮ್ಮೆ ಪ್ರೀತಿಸಿದ ಗೆಳತಿ ಕಾಯಿಲೆಯಿಂದ ತೀರಿಹೋಗಿದ್ದಾಳೆ. ಆ ದುಃಖ ಅವಳನ್ನು ಬಿಟ್ಟಿಲ್ಲ. ಮೂರು ಶಾಲೆಗಳ ಪ್ರತಿನಿಧಿಗಳಾಗಿ ಇಬ್ಬರು ಹುಡುಗಿಯರ ಜೋಡಿಯನ್ನು ಚುನಾವಣೆಯಿಂದ ಆರಿಸುತ್ತಾರೆ. ಈ ಚುನಾವಣೆ, ಮುನಿಸು, ಹೂದೋಟ, ರಾತ್ರಿಯ ಪಿಸುಮಾತು, ಇವುಗಳಲ್ಲಿ ಕಥೆ ಸಾಗುತ್ತದೆ.

ಮೊಮ್ಮಗಳ ಕಣ್ಣೆಲ್ಲ ಈ ಇಬ್ಬರ ಮೇಲೆ. ನನ್ನ ಕಣ್ಣು ಮಾತ್ರ ಮಿಯುಕಿ ಎಂಬ ಇನ್ನೊಬ್ಬಳ ಮೇಲೆ ನೆಟ್ಟಿತು. ಅವಳು ವಿದ್ಯಾರ್ಥಿ ಸಂಘದ ಅಧ್ಯಕ್ಷೆ. ಶಿಸ್ತಿನ ಹುಡುಗಿ. ಎಲ್ಲರ ಜಗಳ ಬಿಡಿಸುವವಳು, ತನ್ನ ಮನಸ್ಸನ್ನು ಮಾತ್ರ ಯಾರಿಗೂ ತೋರದವಳು. ಶಾಲೆ ಮುಗಿದೊಡನೆ ಮನೆಯವರು ಗೊತ್ತುಮಾಡಿದ ಮದುವೆ ಅವಳಿಗಾಗಿ ಕಾದಿದೆ ಎಂಬುದು ಕೊನೆಕೊನೆಗೆ ನಮಗೆ ತಿಳಿಯುತ್ತದೆ. ಅಷ್ಟೊಂದು ಹೂವು, ಸಂಗೀತ, ಬಿಳಿ ಸಮವಸ್ತ್ರಗಳ ನಡುವೆ ನನಗೆ ಪರಿಚಿತವೆನಿಸಿದ ಮುಖ ಅದೊಂದೇ. ಅಂತಹ ಹುಡುಗಿಯರನ್ನು ನಾನು ಗಂಗಾವತಿ, ಕುಷ್ಟಗಿ ಸೀಮೆಯಲ್ಲಿ ಸಾಲುಸಾಲಾಗಿ ಕಂಡಿದ್ದೇನೆ.

ಜಪಾನಿನಲ್ಲಿ ಇಂತಹ ಕಥೆ ಹುಟ್ಟಿದ ಬಗೆ

ಇದು ಇತ್ತೀಚಿನವರ ಹುಚ್ಚು ಕಲ್ಪನೆ ಎಂದು ಕೆಲವರಿಗೆ ಅನ್ನಿಸಬಹುದು. ಹಾಗಲ್ಲ. ಇದರ ಬೇರು ನೂರು ವರ್ಷಕ್ಕಿಂತ ಹಿಂದಕ್ಕೆ ಹೋಗುತ್ತದೆ.

ಜಪಾನ್ ಸರಕಾರವು 1872ರಲ್ಲಿ ಹೊಸ ಶಿಕ್ಷಣ ಪದ್ಧತಿಯನ್ನು ಜಾರಿಗೆ ತಂದಿತು. 1899ರಲ್ಲಿ ಪ್ರತಿಯೊಂದು ಪ್ರಾಂತದಲ್ಲೂ ಹೆಣ್ಣುಮಕ್ಕಳಿಗಾಗಿ ಒಂದಾದರೂ ಪ್ರೌಢಶಾಲೆ ಇರಬೇಕೆಂದು ಆಜ್ಞೆ ಹೊರಡಿಸಿತು. ಉದ್ದೇಶ ಹೆಣ್ಣುಮಕ್ಕಳ ಸ್ವಾತಂತ್ರ್ಯವೇನೂ ಆಗಿರಲಿಲ್ಲ. "ಒಳ್ಳೆಯ ಹೆಂಡತಿ, ವಿವೇಕಿಯಾದ ತಾಯಿ" ಎಂಬುದು ಆ ಕಾಲದ ಅಲ್ಲಿನ ಶಿಕ್ಷಣದ ಘೋಷವಾಕ್ಯ. ಆದರೆ ಆಜ್ಞೆ ಹೊರಡಿಸಿದವರು ನಿರೀಕ್ಷಿಸದ ಒಂದು ಸಂಗತಿ ನಡೆಯಿತು. ಹನ್ನೆರಡು ಹದಿಮೂರರಿಂದ ಹದಿನಾರು ಹದಿನೇಳರವರೆಗಿನ ನಾಲ್ಕೈದು ವರ್ಷ, ಹುಡುಗಿಯರು ತವರಿನ ಕೆಲಸದಲ್ಲೂ ಇಲ್ಲದೆ, ಗಂಡನ ಮನೆಯ ಕೆಲಸದಲ್ಲೂ ಇಲ್ಲದೆ, ತಮ್ಮ ವಯಸ್ಸಿನವರ ಜೊತೆಗೇ ಬದುಕುವ ಅವಕಾಶ ಮೊದಲ ಬಾರಿಗೆ ದೊರೆಯಿತು. ಬಾಲ್ಯಕ್ಕೂ ಮದುವೆಗೂ ನಡುವೆ ಒಂದು ಬಿಡುವು ಹುಟ್ಟಿತು.

ಆ ಬಿಡುವಿನಲ್ಲಿ ಗೆಳೆತನಗಳು ಬೆಳೆದವು. ಮೇಲಿನ ತರಗತಿಯ ಹುಡುಗಿಯೂ ಕೆಳಗಿನ ತರಗತಿಯ ಹುಡುಗಿಯೂ ಜೋಡಿಯಾಗುವುದು, ಪತ್ರ ಬರೆದುಕೊಳ್ಳುವುದು, ಒಂದೇ ಬಗೆಯ ರಿಬ್ಬನ್ನು ಕಟ್ಟಿಕೊಳ್ಳುವುದು. ಇದಕ್ಕೆ ಅವರೇ 'ಎಸ್' ಎಂಬ ಗುಟ್ಟಿನ ಹೆಸರಿಟ್ಟಿದ್ದರು. ಇಂಗ್ಲಿಷಿನಲ್ಲಿ ಸೋದರಿ ಎಂಬ ಪದದ ಮೊದಲ ಅಕ್ಷರ ಅದು. ಯೋಶಿಯಾ ನೊಬುಕೊ ಎಂಬ ಲೇಖಕಿ 1916ರಿಂದ 1924ರವರೆಗೆ 'ಹಾನಾ ಮೊನೊಗತಾರಿ', ಅಂದರೆ 'ಹೂವಿನ ಕಥೆಗಳು', ಎಂಬ 52 ಕಥೆಗಳನ್ನು ಹುಡುಗಿಯರ ಪತ್ರಿಕೆಗೆ ಬರೆದಳು. ಒಂದೊಂದು ಕಥೆಗೆ ಒಂದೊಂದು ಹೂವಿನ ಹೆಸರು. ಅದನ್ನು ಓದಿ ಕಣ್ಣೀರು ಹಾಕದ ಶಾಲಾ ಹುಡುಗಿ ಆ ಕಾಲದ ಜಪಾನಿನಲ್ಲಿ ವಿರಳ. ಆ ಕಥೆಗಳಲ್ಲಿ ಹೆಚ್ಚಿನವು ಅಗಲಿಕೆಯಲ್ಲೇ ಮುಗಿಯುತ್ತವೆ.

ಏಕೆ ಅಗಲಿಕೆ? ಇತಿಹಾಸದ ವಿದ್ಯಾರ್ಥಿಗಳು ಕೇಳಬೇಕಾದ ಪ್ರಶ್ನೆ ಇದು. ಏಕೆಂದರೆ ಈ ಪ್ರೀತಿಗೆ ಸಮಾಜ ಒಂದು ಗಡುವು ಹಾಕಿಕೊಟ್ಟಿತ್ತು. ಶಾಲೆ ಮುಗಿಯುವವರೆಗೆ ಇದು ಹುಡುಗಾಟ, ಮುದ್ದಾದ ಗೆಳೆತನ, ಮದುವೆಗೆ ಮುನ್ನ ಮನಸ್ಸು ಮೃದುವಾಗಲು ಒಳ್ಳೆಯ ಅಭ್ಯಾಸ ಎಂದು ಹಿರಿಯರು ಕಣ್ಣುಮುಚ್ಚಿಕೊಂಡಿದ್ದರು. ಗಡುವು ದಾಟಿದರೆ ಮಾತ್ರ ಅದೇ ಗೆಳೆತನ ರೋಗವೂ ಅಪರಾಧವೂ ಆಗಿ ಕಾಣುತ್ತಿತ್ತು. 1911ರಲ್ಲಿ ಟೋಕಿಯೊದ ಬಾಲಿಕಾ ಶಾಲೆಯೊಂದರಲ್ಲಿ ಓದಿ ಮುಗಿಸಿದ್ದ ಇಬ್ಬರು ಯುವತಿಯರು, ತಮ್ಮನ್ನು ಅಗಲಿಸುತ್ತಾರೆಂಬ ಸಂಕಟದಲ್ಲಿ, ನಿಗಾಟಾ ಪ್ರಾಂತದ ಕಡಲಿನಲ್ಲಿ ಒಟ್ಟಿಗೆ ಪ್ರಾಣ ಕಳೆದುಕೊಂಡರು. ಪತ್ರಿಕೆಗಳು ದೊಡ್ಡದಾಗಿ ಬರೆದವು. ಹುಡುಗಿಯರ ಪತ್ರಗಳನ್ನು, ಗೆಳೆತನಗಳನ್ನು ಶಿಕ್ಷಕರು ಅನುಮಾನದಿಂದ ನೋಡತೊಡಗಿದರು. ಹುಡುಗಿಯರಿಗೆ ಗಡುವು ಹಾಕಿದ್ದು ಸರಿಯೇ ಎಂದು ಕೇಳಿದವರು ಕಡಿಮೆ.

ಯೋಶಿಯಾ ನೊಬುಕೊ ಮಾತ್ರ ತನ್ನ ಬಾಳಿನಲ್ಲಿ ಆ ಗಡುವನ್ನು ಒಪ್ಪಲಿಲ್ಲ. 1923ರಲ್ಲಿ ಮೊನ್ಮಾ ಚಿಯೊ ಎಂಬ ಶಿಕ್ಷಕಿಯ ಪರಿಚಯವಾಯಿತು. 1973ರಲ್ಲಿ ನೊಬುಕೊ ತೀರಿಕೊಳ್ಳುವವರೆಗೆ, ಐವತ್ತು ವರ್ಷ, ಇಬ್ಬರೂ ಸಂಗಾತಿಗಳಾಗಿ ಬಾಳಿದರು. ಇಬ್ಬರು ಹೆಂಗಸರು ಒಂದು ಕುಟುಂಬವೆಂದು ಹೇಳಿಕೊಳ್ಳಲು ಕಾನೂನಿನಲ್ಲಿ ದಾರಿಯಿರಲಿಲ್ಲ. ಆದ್ದರಿಂದ 1957ರಲ್ಲಿ ನೊಬುಕೊ ಚಿಯೊಳನ್ನು ದತ್ತು ಪಡೆದಳು. ಗೆಳತಿಯನ್ನು ಕಾಗದದ ಮೇಲೆ ಮಗಳಾಗಿ ಮಾಡಿಕೊಳ್ಳಬೇಕಾಯಿತು! ಕಾನೂನು ಬಾಗಿಲು ಮುಚ್ಚಿದಾಗ ಜನ ಕಿಟಕಿ ಹುಡುಕುವುದು ಎಲ್ಲ ದೇಶಗಳಲ್ಲೂ ಉಂಟು.

ಎರಡನೆಯ ಮಹಾಯುದ್ಧದ ನಂತರ, 1947ರ ಸುಧಾರಣೆಯಲ್ಲಿ ಜಪಾನಿನ ಹಳೆಯ ಬಾಲಿಕಾ ಪ್ರೌಢಶಾಲೆಗಳ ವ್ಯವಸ್ಥೆ ಕೊನೆಗೊಂಡು ಸಹಶಿಕ್ಷಣ ಬಂದಿತು. ಕಥೆಗಳು ಮಾತ್ರ ಉಳಿದವು. 1971ರಲ್ಲಿ ಯಾಮಾಗಿಶಿ ರ್ಯೋಕೊ ಬರೆದ ಚಿತ್ರಕಥೆ ಫ್ರಾನ್ಸಿನ ಒಂದು ಬಾಲಿಕಾ ವಸತಿಶಾಲೆಯಲ್ಲಿ ನಡೆಯುತ್ತದೆ. ಅಲ್ಲೂ ಇಬ್ಬರಲ್ಲಿ ಒಬ್ಬಳು ಸಾಯುತ್ತಾಳೆ. 1998ರಲ್ಲಿ ಕೊನ್ನೊ ಓಯುಕಿ ಆರಂಭಿಸಿದ 'ಮರಿಯಾ-ಸಾಮಾ ಗಾ ಮಿತೇರು' ಎಂಬ ಕಾದಂಬರಿಮಾಲೆ ಹಳೆಯ 'ಎಸ್' ಗೆಳೆತನವನ್ನು ಮತ್ತೆ ಜನಪ್ರಿಯಗೊಳಿಸಿತು. 2004ರಲ್ಲಿ ಅದರ ಅನಿಮೆ ಬಂದಿತು. ಅದರ ಬೆನ್ನಿಗೆ ಬಂದದ್ದು ನಾವು ನೋಡಿದ 'ಸ್ಟ್ರಾಬೆರಿ ಪ್ಯಾನಿಕ್'. ಅದರಲ್ಲಿ ಮುಖ್ಯ ಜೋಡಿ ಅಗಲುವುದಿಲ್ಲ. ನೂರು ವರ್ಷ ಅಗಲಿಕೆಯ ಕಥೆ ಓದಿದ ನಾಡಿಗೆ ಅಷ್ಟರಮಟ್ಟಿಗೆ ಸಮಾಧಾನ ಬೇಕಾಗಿತ್ತೆಂದು ಕಾಣುತ್ತದೆ. ಆದರೂ ಕಥೆಗಾರರು ಮಿಯುಕಿಯ ಮದುವೆಯನ್ನು ಮರೆಯಲಿಲ್ಲ. ಹಳೆಯ ಗಡುವಿನ ನೆರಳು ಆ ಹುಡುಗಿಯ ಮೇಲೆ ಹಾಗೆಯೇ ಬಿದ್ದಿದೆ.

ನಮ್ಮ ದೇಶದಲ್ಲಿ, ನಮ್ಮ ಸೀಮೆಯಲ್ಲಿ

ನಮ್ಮಲ್ಲಿ ಹೆಣ್ಣುಮಕ್ಕಳ ವಸತಿ ವ್ಯವಸ್ಥೆ ಆರಂಭವಾದದ್ದು ಬೇರೆ ಕಾರಣಕ್ಕೆ. ಇಲ್ಲಿ ಮೊದಲು ವಸತಿ ಬೇಕಾದದ್ದು ವಿಧವೆಯರಿಗೆ. ಕರ್ನಾಟಕದ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿಯವರು 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನವನ್ನು ತೆರೆದರು. 1896ರಲ್ಲಿ ಪುಣೆಯಲ್ಲಿ ಧೋಂಡೊ ಕೇಶವ ಕರ್ವೆಯವರು ವಿಧವೆಯರಿಗಾಗಿ ಆಶ್ರಮ ಸ್ಥಾಪಿಸಿದರು. ಅತ್ತ ಮೈಸೂರಿನಲ್ಲಿ 1881ರಲ್ಲೇ ಅರಮನೆಯ ಆಶ್ರಯದಲ್ಲಿ, ಅಂಬಳೆ ನರಸಿಂಹ ಅಯ್ಯಂಗಾರರ ಪ್ರಯತ್ನದಿಂದ, ಮಹಾರಾಣಿ ಬಾಲಿಕಾ ಶಾಲೆ ಹುಟ್ಟಿತು.

ನಮ್ಮದು ನಿಜಾಮರ ಸೀಮೆ. ಇಂದು ಕನಕಗಿರಿ ತಾಲೂಕು, ಕೊಪ್ಪಳ ಜಿಲ್ಲೆ ಎನ್ನುತ್ತೇವೆ. ನಾನು ಓದುವಾಗ ಹುಲಿಹೈದರವು ರಾಯಚೂರು ಜಿಲ್ಲೆಯ ಗಂಗಾವತಿ ತಾಲೂಕಿನಲ್ಲಿತ್ತು. ಕೊಪ್ಪಳ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. 1948ರ ಸೆಪ್ಟೆಂಬರ್ 17ರವರೆಗೆ ನಾವು ಹೈದರಾಬಾದಿನ ಪ್ರಜೆಗಳು. ಮೇಲಿನ ತರಗತಿಗಳ ಶಿಕ್ಷಣ ಉರ್ದುವಿನಲ್ಲಿ. ಹೈದರಾಬಾದ್ ನಗರದಲ್ಲಿ 1907ರಲ್ಲೇ ಮಹಬೂಬಿಯಾ ಬಾಲಿಕಾ ಶಾಲೆ ಇತ್ತು. ಅದು ದೊಡ್ಡ ಮನೆತನಗಳ ಪರದೆಯೊಳಗಿನ ಹೆಣ್ಣುಮಕ್ಕಳಿಗಾಗಿ. ರಮಾಬಾಯಿಯವರು 1912ರಲ್ಲಿ ಗುಲ್ಬರ್ಗದಲ್ಲಿ ಒಂದು ಶಾಲೆಯನ್ನು ತೆರೆದು ಮಗಳು ಮನೋರಮೆಗೆ ಅದರ ಹೊಣೆ ಒಪ್ಪಿಸಿದ್ದರು. ಆದರೆ ನಮ್ಮ ಬೆದ್ದಲು ಸೀಮೆಯ ಸಜ್ಜೆ ಹೊಲದ ಹುಡುಗಿಗೆ ಹೈದರಾಬಾದೂ ಒಂದೇ, ಗುಲ್ಬರ್ಗವೂ ಒಂದೇ. ಎರಡೂ ಕಾಣದ ಊರುಗಳು.

ಮಠಗಳ ಉಚಿತ ಪ್ರಸಾದ ನಿಲಯಗಳು ನಮ್ಮ ನಾಡಿನ ಸಾವಿರಾರು ಬಡ ಹುಡುಗರಿಗೆ ಅನ್ನ ಹಾಕಿ ಓದಿಸಿದವು. ಅದರ ಋಣ ತೀರಿಸಲಾಗದ್ದು. ಆದರೆ ಅಲ್ಲಿ ಉಂಡು ಓದಿದವರು ಬಹುಪಾಲು ಗಂಡುಮಕ್ಕಳು. ಹೆಣ್ಣುಮಕ್ಕಳಿಗೆ ದಾರಿ ತೆರೆದದ್ದು ತಡವಾಗಿ. 1969ರಲ್ಲಿ ಕಿತ್ತೂರಿನಲ್ಲಿ ರಾಣಿ ಚೆನ್ನಮ್ಮನ ಹೆಸರಿನಲ್ಲಿ ಬಾಲಕಿಯರ ವಸತಿಶಾಲೆ ಆರಂಭವಾಯಿತು. 1972ರಲ್ಲಿ ದೇವರಾಜ ಅರಸರು ಮುಖ್ಯಮಂತ್ರಿಗಳಾದರು. ಹಾವನೂರು ಆಯೋಗ 1975ರಲ್ಲಿ ವರದಿ ಕೊಟ್ಟಿತು. ಆ ದಶಕದಿಂದ ಹಿಂದುಳಿದವರಿಗೆ, ದಲಿತರಿಗೆ ಸರಕಾರಿ ವಸತಿನಿಲಯಗಳು ಹೆಚ್ಚಾದವು. 2004ರಲ್ಲಿ ಕೇಂದ್ರ ಸರಕಾರ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳ ಯೋಜನೆ ತಂದಿತು. ಹೆಣ್ಣುಮಕ್ಕಳ ಸಾಕ್ಷರತೆ ಕಡಿಮೆಯಿರುವ ತಾಲೂಕುಗಳಲ್ಲಿ 6ರಿಂದ 8ನೆಯ ತರಗತಿಯ ಹುಡುಗಿಯರಿಗೆ ಊಟ, ವಸತಿ, ಪಾಠ ಒಂದೇ ಕಡೆ. ನೂರಕ್ಕೆ 75 ಸ್ಥಾನ ದಲಿತ, ಬುಡಕಟ್ಟು, ಹಿಂದುಳಿದ, ಅಲ್ಪಸಂಖ್ಯಾತ ಸಮುದಾಯದವರಿಗೆ. ಉಳಿದ 25 ಬಡತನದ ರೇಖೆಯ ಕೆಳಗಿನವರಿಗೆ. 2018ರಲ್ಲಿ ಇದನ್ನು 12ನೆಯ ತರಗತಿಯವರೆಗೆ ವಿಸ್ತರಿಸಲು ಅವಕಾಶವಾಯಿತು. 2011ರ ಜನಗಣತಿಯಲ್ಲಿ ನಮ್ಮ ಕೊಪ್ಪಳ ಜಿಲ್ಲೆಯ ಹೆಣ್ಣುಮಕ್ಕಳ ಸಾಕ್ಷರತೆ ನೂರಕ್ಕೆ ಸುಮಾರು 57 ಮಾತ್ರ. ಅಪ್ಪ ಅವ್ವ ಗುಳೆ ಹೋದಾಗ ಹುಡುಗಿ ಊರಲ್ಲಿ ಉಳಿದು ಓದಬೇಕಾದರೆ ವಸತಿನಿಲಯವಲ್ಲದೆ ಬೇರೆ ದಾರಿಯಿಲ್ಲ ಎಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ನಿಮ್ಮಲ್ಲಿ ಎಷ್ಟೋ ಜನ ಹಾಗೆಯೇ ಓದಿದವರು.

ಇಲ್ಲಿಯೂ ಆ ಬಿಡುವು ಹುಟ್ಟಿತು. ಬಿಡುವಿನಲ್ಲಿ ಗೆಳೆತನವೂ ಹುಟ್ಟಿತು. ಉರ್ದು ಲೇಖಕಿ ಇಸ್ಮತ್ ಚುಗ್ತಾಯಿ 1940ರ ದಶಕದಲ್ಲಿ ಬರೆದ 'ಟೇಢೀ ಲಕೀರ್' ಕಾದಂಬರಿಯಲ್ಲಿ, ಬೋರ್ಡಿಂಗಿನ ಹುಡುಗಿಯರು ಒಬ್ಬರಿಗೊಬ್ಬರು ಮನಸ್ಸು ಕೊಡುವ ಪ್ರಸಂಗಗಳನ್ನು ಮುಚ್ಚುಮರೆಯಿಲ್ಲದೆ ಚಿತ್ರಿಸಿದ್ದಾಳೆ. ಜಪಾನಿನ 'ಎಸ್' ಎಂಬ ಹೆಸರನ್ನು ಇಲ್ಲಿನ ಹುಡುಗಿಯರು ಕೇಳಿರಲಿಲ್ಲ. ಹೆಸರಿಲ್ಲದಿದ್ದರೂ ಸಂಗತಿ ಇತ್ತು.

ನಾನಿದ್ದ ವಸತಿನಿಲಯ

1972ರಲ್ಲಿ ಅಪ್ಪ ನನ್ನನ್ನು ಒಂದು ತಗಡಿನ ಟ್ರಂಕಿನ ಸಮೇತ ಹಾಸ್ಟೆಲಿಗೆ ಬಿಟ್ಟುಹೋದರು. ನಮ್ಮ ಮನೆತನದಲ್ಲಿ ಹೈಸ್ಕೂಲು ಮೆಟ್ಟಿಲು ಹತ್ತಿದ ಮೊದಲ ಹೆಣ್ಣುಮಗಳು ನಾನು. ಒಂದು ಕೋಣೆಗೆ ಹನ್ನೆರಡು ಹುಡುಗಿಯರು. ಅನಿಮೆಯಲ್ಲಿ ಕಾಣುವ ಹಾಸಿಗೆ, ಪರದೆ, ಬೆಳ್ಳಿ ಚಮಚ ಒಂದೂ ಇರಲಿಲ್ಲ. ಚಾಪೆ, ಕಂಬಳಿ, ಒಂದು ಕಂದೀಲು. ಕಟಿಯಾದ ರೊಟ್ಟಿ, ಶೇಂಗಾ ಚಟ್ನಿ, ನೀರುಸಾರು. ಸೇದುವ ಬಾವಿಯ ಬಳಿ ಬೆಳಗಿನ ಜಾವ ಸರದಿ.

ಆದರೂ ಆ ನಾಲ್ಕು ವರ್ಷ ನನ್ನ ಬಾಳಿನ ಬಂಗಾರದ ಕಾಲ. ಯಾರೂ "ಕಸ ಹೊಡಿ, ತಮ್ಮನ್ನ ಎತ್ಕೋ" ಎನ್ನದ ಕಾಲ. ಪ್ರತಿಯೊಬ್ಬ ಹುಡುಗಿಗೂ ಒಬ್ಬಳು ಜೋಡಿ ಇರುತ್ತಿದ್ದಳು. ಅವಳಿಗೆ ಇವಳೇ ಹೆಣಲು ಹಾಕಬೇಕು, ಊರಿನಿಂದ ಬಂದ ಉಂಡಿಯಲ್ಲಿ ಅರ್ಧ ಅವಳಿಗೇ ಸಲ್ಲಬೇಕು, ಅವಳು ಬೇರೊಬ್ಬಳ ಜೊತೆ ನಕ್ಕರೆ ಎರಡು ದಿನ ಮಾತು ಬಿಡಬೇಕು. ದಸರೆಯ ದಿನ ಬನ್ನಿ ಕೊಟ್ಟು "ಬಂಗಾರದಂಗ ಇರೋಣ" ಎಂದು ಹೇಳುವಾಗ ಮೊದಲ ಎಲೆ ಯಾರಿಗೆಂದು ಇಡೀ ಹಾಸ್ಟೆಲಿಗೆ ಗೊತ್ತಿರುತ್ತಿತ್ತು. ನನಗೂ ಒಬ್ಬಳಿದ್ದಳು. ಎಸ್.ಎಸ್.ಎಲ್.ಸಿ. ಪರೀಕ್ಷೆ ಮುಗಿದ ದಿನ ಬಸ್ ಸ್ಟ್ಯಾಂಡಿನಲ್ಲಿ ಇಬ್ಬರೂ ಮಾತಾಡದೆ ನಿಂತಿದ್ದೆವು. ಆ ಬೇಸಿಗೆಯಲ್ಲೇ ಅವಳ ಮದುವೆಯಾಯಿತು. ಹಾಗಾಗುವುದು ಸಹಜವೆಂದು ನಾವಿಬ್ಬರೂ ನಂಬಿದ್ದೆವು. ನಮ್ಮ ಗೆಳೆತನಕ್ಕೂ ಗಡುವಿತ್ತು. ಅದನ್ನು ನಾವೇ ಒಪ್ಪಿಕೊಂಡಿದ್ದೆವು. ಆದ್ದರಿಂದಲೇ ಅದು ಯಾರ ಕಣ್ಣಿಗೂ ತಪ್ಪಾಗಿ ಬೀಳಲಿಲ್ಲ.

ನನ್ನ ಕೈಯಿಂದಾದದ್ದು

ಈಗ ಕಷ್ಟದ ಭಾಗ. ಇದರಲ್ಲಿ ಬರುವ ಒಬ್ಬಾಕೆಯ ಅನುಮತಿ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಊರು, ವರ್ಷ ಹೇಳಲಾರೆ. ನೀವೂ ಊಹಿಸಲು ಹೋಗಬೇಡಿ.

1990ರ ದಶಕದಲ್ಲಿ, ನಾನು ಪಾಠ ಹೇಳುತ್ತಿದ್ದ ಊರಿನ ಬಾಲಕಿಯರ ವಸತಿನಿಲಯದ ಮೇಲ್ವಿಚಾರಣೆಯನ್ನು ಕೆಲವು ಕಾಲ ನನಗೆ ಒಪ್ಪಿಸಿದ್ದರು. ಅಲ್ಲಿ ಹತ್ತನೆಯ ತರಗತಿಯ ಒಬ್ಬಳೂ ಒಂಬತ್ತನೆಯ ತರಗತಿಯ ಒಬ್ಬಳೂ ಜೋಡಿ. ಇಬ್ಬರೂ ಓದಿನಲ್ಲಿ ಮುಂದು. ಒಂದು ದಿನ ಅಡುಗೆಯಾಕೆ ಅಕ್ಕಿ ಚೀಲದ ಹಿಂದೆ ಸಿಕ್ಕಿತೆಂದು ಒಂದು ನೋಟುಬುಕ್ಕನ್ನು ನನಗೆ ತಂದುಕೊಟ್ಟಳು. ಇಬ್ಬರೂ ಅದರಲ್ಲಿ ಸರದಿಯ ಮೇಲೆ ಬರೆಯುತ್ತಿದ್ದರು. ಗಣಿತದ ಲೆಕ್ಕ, ಯಾರೋ ಬೈದದ್ದು, ಯಾವಾಗಲೋ ಅತ್ತದ್ದು, ಮಧ್ಯದಲ್ಲಿ ಒಣಗಿದ ಬನ್ನಿ ಎಲೆ. ಕೊನೆಯ ಪುಟದಲ್ಲಿ ಹೀಗಿತ್ತು: ದೊಡ್ಡಾಕಿ ಟಿ.ಸಿ.ಎಚ್. ಓದಬೇಕು, ಮರುವರ್ಷ ಸಣ್ಣಾಕಿ ಸೇರಬೇಕು. ಇಬ್ಬರೂ ಒಂದೇ ಊರಿನ ಸಾಲಿಗೆ ಹಾಕಿಸಿಕೊಳ್ಳಬೇಕು, ಒಂದೇ ಮನೆ ಮಾಡಬೇಕು. ಮದುವೆಯ ಸುದ್ದಿ ಬಂದರೆ ಒಲ್ಲೆ ಅನ್ನಬೇಕು.

ಮೊದಲ ಪುಟಗಳನ್ನು ಓದುವಾಗ ನನಗೆ ನಗು ಬಂದಿತ್ತು. ಕೊನೆಯ ಪುಟ ಓದಿ ಹೆದರಿದೆ. ಹಾಸ್ಟೆಲಿನ ಹೆಸರು ಕೆಡುತ್ತದೆ, ಊರವರು ಹೆಣ್ಣುಮಕ್ಕಳನ್ನು ಕಳಿಸುವುದು ಬಿಡುತ್ತಾರೆ ಎಂದು ನನಗೆ ನಾನೇ ಕಾರಣ ಹೇಳಿಕೊಂಡೆ. ಹುಡುಗಿಯರನ್ನು ಕೂರಿಸಿಕೊಂಡು ಒಂದು ಮಾತು ಕೇಳಲಿಲ್ಲ. ದೊಡ್ಡಾಕೆಯ ತಂದೆಯನ್ನು ಕರೆಸಿ, "ಮಗಳ ಚಿತ್ತ ಓದಿನ ಮ್ಯಾಲಿಲ್ಲ, ಸ್ವಲ್ಪ ತಿಳಿಹೇಳ್ರಿ" ಎಂದೆ. ಅಷ್ಟೇ ಅಂದದ್ದು. ಆದರೆ ನನ್ನ ದನಿಯಲ್ಲಿ ಉಳಿದದ್ದನ್ನು ಆ ಮನುಷ್ಯ ಕೇಳಿಸಿಕೊಂಡ. "ಆತ್ರೀ ಅಕ್ಕೋರೆ" ಎಂದು ಕೈಮುಗಿದು, ಮರುದಿನ ಬೆಳಗಿನ ಬಸ್ಸಿಗೆ ಮಗಳನ್ನೂ ಟ್ರಂಕನ್ನೂ ಕರೆದೊಯ್ದ. ತಿಂಗಳೊಳಗೆ ಲಗ್ನಪತ್ರಿಕೆ ಬಂದಿತು.

ಹೆಣ್ಣಿಗೆ 18 ತುಂಬುವ ಮುನ್ನ ಮದುವೆ ಮಾಡುವಂತಿಲ್ಲ ಎಂಬ ಕಾಯ್ದೆ 1978ರಿಂದ ಇತ್ತು. ಅವಳಿಗೆ 16. ಆ ವಾರ ನಾನು ಒಂಬತ್ತನೆಯ ತರಗತಿಗೆ ಅದೇ ಪಾಠ ಹೇಳಿದ್ದೆ. ಹತ್ತನೆಯ ತರಗತಿಯ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ 'ಸತತ ಗೈರು' ಎಂದು ಬರೆದವಳೂ ನಾನೇ.

ಸಣ್ಣಾಕೆ ನನ್ನನ್ನು ಏನೂ ಕೇಳಲಿಲ್ಲ. ದಿನವೂ ಎದ್ದು ನಿಂತು "ನಮಸ್ಕಾರ್ರೀ ಅಕ್ಕೋರೆ" ಎನ್ನುತ್ತಿದ್ದಳು. ಅದರ ಹೊರತು ಒಂದಕ್ಷರ ಇಲ್ಲ. ಮುಂದೆ ಓದಿದಳು, ಶಿಕ್ಷಕಿಯಾದಳು. ನನ್ನ ನಿವೃತ್ತಿಯ ಬೀಳ್ಕೊಡುಗೆಗೆ ಬಂದಿದ್ದಳು. ಎಲ್ಲರೂ ಹೋದ ಮೇಲೆ ಹತ್ತಿರ ಬಂದು ಕೇಳಿದಳು: "ಅಕ್ಕೋರೆ, ಆ ನೋಟ್‌ಬುಕ್ ಐತೇನ್ರೀ?"

ಇತ್ತು. ಅಷ್ಟು ವರ್ಷ, ಅಷ್ಟು ಊರುಗಳ ವರ್ಗಾವಣೆಯಲ್ಲೂ ಅದನ್ನು ನಾನು ಬಿಸಾಡಿರಲಿಲ್ಲ. ಮರುದಿನ ಮನೆಗೆ ಕರೆದು ಅವಳ ಕೈಗೆ ಕೊಟ್ಟೆ. ನಿಂತಲ್ಲೇ ಪುಟ ತಿರುವಿ, ಕೊನೆಯ ಪುಟವನ್ನು ಎರಡು ಸಲ ಓದಿದಳು. ಆಮೇಲೆ ಸಿಟ್ಟಿಲ್ಲದ ದನಿಯಲ್ಲಿ, "ಇದರಾಗ ಅಂಥಾದ್ದೇನಿತ್ರೀ ಅಕ್ಕೋರೆ?" ಎಂದು ಕೇಳಿದಳು.

ನನಗೆ ಉತ್ತರ ತೋಚಲಿಲ್ಲ. ಕ್ಷಮಿಸು ಎಂದೆ. ಅವಳು ಅದಕ್ಕೆ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. "ದೊಡ್ಡಾಕಿ ಹೆಂಗದಾಳವ್ವ?" ಎಂದು ಕೇಳಲು ನನಗೆ ಧೈರ್ಯ ಬಂದದ್ದು ಚಹಾ ಮುಗಿದ ಮೇಲೆ. "ಅದಾಳ್ರೀ. ಪಂಚಮಿಗೆ ತವರಿಗೆ ಬರ್ತಾಳ, ಆವಾಗ ಭೇಟಿ ಆಗ್ತೀವಿ" ಎಂದಳು. ವರ್ಷಕ್ಕೊಂದು ಹಬ್ಬ.

ಮೊಮ್ಮಗಳಿಗೆ ಕೊಟ್ಟ ಉತ್ತರ

ಅವಳ ಪ್ರಶ್ನೆಗೆ ಈಗ ನನ್ನಲ್ಲಿ ಉತ್ತರವಿದೆ. ಆ ನೋಟುಬುಕ್ಕಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅದರಲ್ಲಿದ್ದದ್ದು ಗಡುವನ್ನು ಒಪ್ಪದ ಇಬ್ಬರು ಹುಡುಗಿಯರ ಒಂದು ಯೋಜನೆ. ಓದು, ನೌಕರಿ, ಒಂದು ಬಾಡಿಗೆ ಮನೆ. ನನ್ನನ್ನು ಹೆದರಿಸಿದ್ದು ಅವರ ಪ್ರೀತಿಯಲ್ಲ. ಅದು ಮುಂದುವರಿಯಬಹುದೆಂಬ ಸಾಧ್ಯತೆ. 1911ರ ನಂತರದ ಜಪಾನಿನ ಶಿಕ್ಷಕರು ಮಾಡಿದ್ದನ್ನೇ ನಾನೂ ಮಾಡಿದೆ: ಪತ್ರ ಹಿಡಿದೆ, ಪಾಲಕರಿಗೆ ಒಪ್ಪಿಸಿದೆ. ಅವರ ಗೆಳೆತನವನ್ನು ಏನೆಂದು ಕರೆಯಬೇಕೋ ನಾನರಿಯೆ, ಅದು ಅವರಿಗೆ ಸೇರಿದ್ದು. ಹೆಸರಿಡುವ ಅಧಿಕಾರ ನನಗಿರಲಿಲ್ಲ. 2018ರ ಸೆಪ್ಟೆಂಬರ್ 6ರಂದು ನಮ್ಮ ಸರ್ವೋಚ್ಚ ನ್ಯಾಯಾಲಯ, ಒಂದೇ ಲಿಂಗದ ಇಬ್ಬರು ವಯಸ್ಕರ ನಡುವಿನ ಪ್ರೀತಿ ಅಪರಾಧವಲ್ಲವೆಂದು ತೀರ್ಪಿತ್ತಿತು. ಆ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ದಿನ ನಾನು ಕಪಾಟು ತೆರೆದು ಆ ನೋಟುಬುಕ್ಕನ್ನು ನೋಡಿದ್ದು ನೆನಪಿದೆ.

ಮೊಮ್ಮಗಳಿಗೆ ಹೇಳಿದೆ: "ಇತ್ತವ್ವ. ನಮ್ಮಲ್ಲೂ ಇತ್ತು. ಆದ್ರ ಅದಕ್ಕ ಗಡುವು ಹಾಕಿದ್ರು. ಹಾಕಿದವರೊಳಗ ನಾನೂ ಒಬ್ಬಾಕಿ." ಅವಳು ಬಹಳ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ ಮೊಬೈಲು ಬದಿಗಿಟ್ಟು, "ಆ ಇಬ್ಬರದೂ ಪೂರ್ತಿ ಕಥಿ ಹೇಳು" ಎಂದಳು. ಹೇಳಿದೆ.

ನನ್ನ ವಿದ್ಯಾರ್ಥಿನಿಯರಲ್ಲಿ ಕೆಲವರು ಇಂದು ಕಸ್ತೂರಬಾ ಶಾಲೆಗಳಲ್ಲಿ, ಸರಕಾರಿ ವಸತಿನಿಲಯಗಳಲ್ಲಿ ಕೆಲಸ ಮಾಡುತ್ತಿದ್ದೀರಿ. ನಿಮ್ಮ ಕೈಗೂ ಒಂದು ದಿನ ಇಂತಹ ನೋಟುಬುಕ್ಕು ಬರಬಹುದು. ತಂದೆಯನ್ನು ಕರೆಸುವ ಮುನ್ನ ಹುಡುಗಿಯರನ್ನು ಕರೆಯಿರಿ. ಕೂರಿಸಿ, ನೀರು ಕೊಡಿ, ಕೇಳಿ. ಅವರು ಮುಂದೆ ಏನು ಓದಬೇಕೆಂದಿದ್ದಾರೆ ಎಂಬುದನ್ನು ಮೊದಲು ಕೇಳಿ. ಹುಡುಗಿ ಹಾಸ್ಟೆಲಿನಲ್ಲಿ ಉಳಿದು ಪರೀಕ್ಷೆ ಬರೆದರೆ ಉಳಿದದ್ದನ್ನೆಲ್ಲ ಅವಳೇ ನಿರ್ಧರಿಸುವ ಕಾಲ ಬರುತ್ತದೆ. ಟ್ರಂಕು ಬಸ್ಸು ಹತ್ತಿದರೆ ಆ ಕಾಲ ಬರುವುದಿಲ್ಲ.

ಎಲ್ಲರಿಗೂ ಒಳ್ಳೆಯದಾಗಲಿ.

ನಿಮ್ಮ ಅಕ್ಕೋರು,
ಹುಲಿಹೈದರ